ಕಾರವಾರದ ಬಿಸಿಲಲ್ಲಿ ದಿನಾ ಸ್ಕೂಟಿ ಓಡಿಸೋಳಿಗೆ ಸನ್‌ಸ್ಕ್ರೀನ್ ಯಾವ್ದು? ಸಂತೇಲಿ ಕಡಿಮೆಗೆ ಎಂತೆಂತ ಸಿಗತ್ತೆ?

ಸ್ಕೂಟಿ ಸವಾರಿ, ಕಾರವಾರ

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಓದಿ ಹೇಳಿ ದಯವಿಟ್ಟು. ನಂದು ಮಹಿಳಾ ಸಂಘಗಳ ಫೀಲ್ಡ್ ಕೆಲಸ, ಬೆಳಿಗ್ಗೆ ಹತ್ತಕ್ಕೆ ಸ್ಕೂಟಿ ಹತ್ತಿದ್ರೆ ಒಂದಿನ ಸದಾಶಿವಗಡ ಮಾಜಾಳಿ, ಇನ್ನೊಂದಿನ ಅಮದಳ್ಳಿ ಚೆಂಡಿಯಾ, ತಿಂಗಳಿಗೆ ಎರಡು ಸಲ ಅಂಕೋಲಾ, ಮನೆ ಮುಟ್ಟೋವಾಗ ಸಂಜೆ ಐದು. ಮೂರು ವರ್ಷ ಆಯ್ತು ಹೀಗೇ. ಮೊನ್ನೆ ಅಣ್ಣನ ನಿಶ್ಚಿತಾರ್ಥಕ್ಕೆ ವಾಚ್ ತೆಗೆದು ಬಳೆ ಹಾಕ್ಕೊಂಡೆ, ವಾಚಿದ್ದ ಜಾಗ ಒಂದು ಬಣ್ಣ, ಕೆಳಗೆ ಅಂಗೈ ಹಿಂಭಾಗ ಇನ್ನೊಂದು ಬಣ್ಣ, ಮಧ್ಯ ಗೆರೆ ಎಳೆದಂಗೆ ಕಾಣ್ತಿತ್ತು. ಅತ್ತಿಗೆ ಆಗೋರು ಕೈ ಹಿಡ್ಕೊಂಡು "ಸುಟ್ಟಿದ್ದಾ ಇದು" ಅಂತ ಕೇಳಿದ್ರು. ಬೆಳ್ಳಗಾಗ್ಬೇಕು ಅಂತ ಕೇಳ್ತಿಲ್ಲ, ನನ್ನ ಬಣ್ಣದ ಬಗ್ಗೆ ನಂಗೆ ಯಾವ ಬೇಜಾರೂ ಇಲ್ಲ, ಆದ್ರೆ ಸಂಜೆ ಮುಖ ತೊಳೆದ್ರೆ ಕೆನ್ನೆ ಉರಿಯತ್ತೆ, ಹಣೆ ಒರಟಾಗಿದೆ, ಅದಕ್ಕೆ ಏನಾದ್ರೂ ಮಾಡ್ಬೇಕು ಅನಿಸ್ತಿದೆ.

ಹೋದ ತಿಂಗಳು ಆನ್‌ಲೈನಲ್ಲಿ ಆಫರ್ ಇತ್ತು ಅಂತ ಎಸ್‌ಪಿಎಫ್ 50 ಇರೋದು ಒಂದು ತರಿಸಿದ್ದೆ. ಹಚ್ಚಿದ್ರೆ ಸುಣ್ಣ ಬಳಿದಂಗೆ, ಕಂದು ಮೈಬಣ್ಣಕ್ಕೆ ಬೂದಿ ಬೂದಿ ಕಾಣತ್ತೆ. ಅದನ್ನಾದ್ರೂ ಸಹಿಸ್ಕೊಂಡೆ, ಆದ್ರೆ ಕಾಳಿ ಸೇತುವೆ ದಾಟೋವಾಗ ಬೆವರಿನ ಜೊತೆ ಅದು ಇಳಿದು ಕಣ್ಣಿಗೆ ಹೋಗಿ ಎಷ್ಟು ಉರಿ ಅಂದ್ರೆ ಗಾಡಿ ಬದಿಗೆ ಹಾಕಿ ನಿಂತು ನೀರು ಹಾಕ್ಕೊಂಡು ಹತ್ತು ನಿಮಿಷ ಕಣ್ಣು ಬಿಡಕ್ಕಾಗ್ಲಿಲ್ಲ. ಆಮೇಲೆ ಆ ಟ್ಯೂಬ್ ಡಿಕ್ಕಿಯಲ್ಲೇ ಬಿತ್ತು. ನಿನ್ನೆ ತೆಗೆದು ಒತ್ತಿದ್ರೆ ಮೊದ್ಲು ಹಳದಿ ನೀರು ಬಂತು, ಹಿಂದಿಂದ ಮೊಸರು ಒಡೆದಂಗೆ ಗಂಟು ಗಂಟು.

ಹಂಗಾಗಿ ಕೇಳ್ತಿರೋದು, ಬೆವರಿಗೆ ನಿಲ್ಲೋದು, ಬೂದಿ ಆಗದೇ ಇರೋದು ಹೇಗೆ ಆರಿಸ್ಬೇಕು? ತಿಂಗಳಿಗೆ 400 ರೂಪಾಯಿ ಮೇಲೆ ಹಾಕಕ್ಕಾಗಲ್ಲ. ಮತ್ತೆ ಭಾನುವಾರದ ಸಂತೇಲೋ ಮಡಗಾಂವ್ ಮಾರ್ಕೆಟ್ಟಲ್ಲೋ ಬಿಸಿಲಿಗೆ ಆಗೋ ಅಂಥದ್ದು ಕಡಿಮೆಗೆ ಸಿಕ್ಕಿದ್ದು ಇದ್ರೆ ಅದೂ ಹೇಳಿ, ಶಾಪಿಂಗ್ ನಂಗೆ ತುಂಬ ಇಷ್ಟ.

ಮೆಡಿಕಲ್ ಶಾಪ್ ಅಣ್ಣ, ಕುಮಟಾ

ತಂಗಿ, ಮೊದ್ಲು ಆ ಒಡೆದ ಟ್ಯೂಬ್ ಕಸಕ್ಕೆ ಹಾಕು. ಡಿಕ್ಕಿ ಒಳಗೆ ಮಧ್ಯಾಹ್ನ ಕೈ ಇಟ್ಟು ನೋಡು, ಸುಡತ್ತೆ. ಆ ಸೆಕೆಗೆ ಕ್ರೀಮಲ್ಲಿರೋ ಎಣ್ಣೆ ನೀರು ಬೇರೆ ಬೇರೆ ಆಗತ್ತೆ, ಬೇರೆ ಆದ್ಮೇಲೆ ಅಲುಗಾಡಿಸಿ ಹಚ್ಚಿದ್ರೂ ಒಂದು ಕಡೆ ಔಷಧ ಬಿದ್ದು ಇನ್ನೊಂದು ಕಡೆ ಬರೀ ನೀರು ಬೀಳತ್ತೆ.

ಅಂಗಡಿಗೆ ಬರೋರು ಎಲ್ರೂ ಕೇಳೋದು ನಂಬರು. ಎಸ್‌ಪಿಎಫ್ 50 ಇದ್ಯಾ, 70 ಇದ್ಯಾ, 100 ಇದ್ಯಾ. ಆ ನಂಬರು ಹೇಳೋದು ಹೆಚ್ಚಾಗಿ ಯುವಿಬಿ ಅನ್ನೋ ಒಂದು ಜಾತಿ ಕಿರಣದ್ದು, ಚರ್ಮ ಕೆಂಪಾಗಿ ಸುಡೋದು ಮುಖ್ಯವಾಗಿ ಅದ್ರಿಂದ. ಎಸ್‌ಪಿಎಫ್ 30 ಇದ್ರೆ ಅದನ್ನ ಸುಮಾರು 97 ಪರ್ಸೆಂಟ್ ತಡೆಯತ್ತೆ, 50 ಇದ್ರೆ 98, ಅಷ್ಟೇ ವ್ಯತ್ಯಾಸ. ಕಪ್ಪು ಕಲೆ, ಸುಕ್ಕು, ನಿನ್ನ ವಾಚಿನ ಗೆರೆ ಇದಕ್ಕೆಲ್ಲ ಯುವಿಎ ಅನ್ನೋ ಇನ್ನೊಂದು ಕಿರಣದ ಕೈವಾಡ ಜಾಸ್ತಿ, ಅದು ಕಿಟಕಿ ಗಾಜು ದಾಟ್ಕೊಂಡೂ ಬರತ್ತೆ, ಬಸ್ಸಲ್ಲಿ ಕಿಟಕಿ ಪಕ್ಕ ಕೂತೋರಿಗೂ ಬಿಡಲ್ಲ. ಅದಕ್ಕೆ ಪ್ಯಾಕೆಟ್ ಮೇಲೆ ಪಿಎ ಅಂತ ಬರ್ದು ಪ್ಲಸ್ ಗುರ್ತು ಹಾಕಿರ್ತಾರೆ, ಮೂರು ಅಥವಾ ನಾಲ್ಕು ಪ್ಲಸ್ ಇರೋದು ತಗೋ. ಪಿಎ ಇಲ್ದಿದ್ರೆ ಬ್ರಾಡ್ ಸ್ಪೆಕ್ಟ್ರಮ್, ಅಂದ್ರೆ ಎರಡೂ ಕಿರಣ ತಡೆಯೋದು, ಅಂತಾದ್ರೂ ಬರ್ದಿರ್ಬೇಕು, ಎರಡೂ ಇಲ್ಲಾಂದ್ರೆ ಬಿಡು. ಬ್ಯಾಚ್ ನಂಬರು, ಎಕ್ಸ್‌ಪೈರಿ, ತಯಾರಿಕಾ ಲೈಸೆನ್ಸ್ ನಂಬರು ಇರ್ಲೇಬೇಕು, ಸೀಲ್ ಒಡೆದಿದ್ದು ಯಾರೇ ಕೊಟ್ರೂ ಮುಟ್ಬೇಡ.

ಈಗ ಬಣ್ಣದ ವಿಷ್ಯ. ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಜಾಸ್ತಿ ಇದ್ರೆ ಬೂದಿ ಬಣ್ಣ ಬರತ್ತೆ, ಅವು ಬಿಳಿ ಪುಡಿನೇ ಅಲ್ವಾ. ಬಿಸಿಲು ತಡೆಯೋಕೆ ಹಾಕೋ ಉಳಿದ ರಾಸಾಯನಿಕಗಳು ಬಣ್ಣ ಬಿಡಲ್ಲ ಆದ್ರೆ ಅದ್ರಲ್ಲಿ ಕೆಲವು ಬೆವರಲ್ಲಿ ಇಳಿದ್ರೆ ಕಣ್ಣಿಗೆ ಉರಿ, ಅವೊಬೆನ್‌ಝೋನ್ ಥರದ್ದು. ನಾನು ಹೇಳೋ ಉಪಾಯ ಏನಂದ್ರೆ ಕೆನ್ನೆ ಮೂಗು ಕುತ್ತಿಗೆಗೆ ಬಣ್ಣ ಬಿಡದೇ ಇರೋ ಜೆಲ್, ಹುಬ್ಬಿನ ಮೇಲೆ ಕಣ್ಣಿನ ಸುತ್ತ ಮಾತ್ರ ಝಿಂಕ್ ಇರೋದು ಅಥವಾ ಸ್ಟಿಕ್, ಸ್ಟಿಕ್ ಮೇಣದಂಗೆ ಇರತ್ತೆ, ಬೇಗ ಇಳಿಯಲ್ಲ.

ಇನ್ನು ಮುಖ್ಯ ಮಾತು, ಇದನ್ನ ನಾನು ಕೌಂಟರಲ್ಲಿ ದಿನಾ ಹೇಳ್ತೀನಿ. ಆ ನಂಬರನ್ನ ಲ್ಯಾಬಲ್ಲಿ ಟೆಸ್ಟ್ ಮಾಡೋದು ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ. ಮುಖಕ್ಕೆ ಲೆಕ್ಕ ಹಾಕಿದ್ರೆ ಹತ್ರತ್ರ ಒಂದು ಗ್ರಾಂ ಮೇಲೆ, ಅಂದ್ರೆ ತೋರುಬೆರಳು ಮಧ್ಯಬೆರಳು ಎರಡ್ರ ಮೇಲೂ ಬುಡದಿಂದ ತುದಿವರೆಗೆ ಗೆರೆ ಎಳೆದಷ್ಟು. ಜನ ಹಚ್ಚೋದು ಕಡಲೆಕಾಳಿನಷ್ಟು. ಅಷ್ಟು ಹಚ್ಚಿದ್ರೆ 50 ಅಂತ ಬರ್ದಿದ್ದು 50 ಆಗಿ ಉಳಿಯಲ್ಲ, ತುಂಬ ಕೆಳಗೆ ಇಳಿಯತ್ತೆ. ದಿನಕ್ಕೆ ಒಂದೇ ಸಲ ಸರಿಯಾಗಿ ಹಚ್ಚಿದ್ರೂ 50 ಗ್ರಾಂ ಟ್ಯೂಬ್ ನಲವತ್ತು ದಿನದಲ್ಲಿ ಮುಗೀಬೇಕು, ಮಧ್ಯಾಹ್ನ ಇನ್ನೊಂದ್ಸಲ ಹಚ್ಚಿದ್ರೆ ಇಪ್ಪತ್ತು ದಿನ. ಆರು ತಿಂಗಳಿಂದ ಅದೇ ಟ್ಯೂಬ್ ನಡೀತಿದೆ ಅಂತ ಯಾರಾದ್ರೂ ಹೇಳಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗತ್ತೆ, ದುಡ್ಡೂ ಹೋಯ್ತು ಚರ್ಮವೂ ಉಳೀಲಿಲ್ಲ.

ಹಂಗಾಗಿ ನಿನ್ನ 400ಕ್ಕೆ ದುಬಾರಿ ಚಿಕ್ಕ ಟ್ಯೂಬ್ ಬೇಡ, ಗ್ರಾಂ ಲೆಕ್ಕದಲ್ಲಿ ನೋಡು. 50 ಗ್ರಾಂಗೆ 400 ಕೊಟ್ರೆ ಗ್ರಾಮಿಗೆ 8 ರೂಪಾಯಿ ಬಿತ್ತು, 100 ಗ್ರಾಂದು 600ಕ್ಕೆ ಸಿಕ್ಕಿದ್ರೆ 6. ನೀನು ಕೆಲಸಕ್ಕೆ ಹೋಗೋ ದಿನ ಎರಡು ಸಲ ಹಚ್ಚಿದ್ರೂ 100 ಗ್ರಾಂ ಒಂದೂವರೆ ತಿಂಗಳು ಬರತ್ತೆ, ನಿನ್ನ ಬಜೆಟ್ಟಲ್ಲೇ ಕೂತ್ಕೊಳ್ಳತ್ತೆ. ಆದ್ರೆ ಇದು ಮುಖಕ್ಕೆ ಕುತ್ತಿಗೆಗೆ ಮಾತ್ರ. ಕೈಗೂ ಹಚ್ತೀನಿ ಅಂದ್ರೆ ಯಾವ ಟ್ಯೂಬೂ ಸಾಲಲ್ಲ, ಕೈಗೆ ಬಟ್ಟೆನೇ ಮೇಲು.

ಸಂತೆ ಹುಚ್ಚಿ, ಅಂಕೋಲಾ

ಕೈಗೆ ಬಟ್ಟೆ ಅಂದ್ರಲ್ಲ, ಅಣ್ಣ ಸರಿಯಾಗಿ ಹೇಳಿದ್ರು, ಆ ವಿಷ್ಯ ನಾನು ಹೇಳ್ತೀನಿ!

ಅಕ್ಕ, ಕಾರವಾರದ ಭಾನುವಾರದ ಸಂತೆಗೆ ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಹನ್ನೊಂದರ ಮೇಲೆ ಹೋದ್ರೆ ಒಳ್ಳೇದೆಲ್ಲ ಆರ್ಸಿ ಮುಗ್ದಿರತ್ತೆ ಮತ್ತೆ ಬಿಸಿಲಿಗೆ ತಪ್ಪಿಸ್ಕೊಳ್ಳೋ ಸಾಮಾನು ತಗೊಳಕ್ಕೆ ಬಿಸಿಲಲ್ಲೇ ನಿಲ್ಬೇಕಾಗತ್ತೆ. ರೆಡಿಮೇಡ್ ಬಟ್ಟೆ ರಾಶಿ ಹಾಕಿರ್ತಾರಲ್ಲ, ಅಲ್ಲಿ ಗಂಡಸರ ಕಾಟನ್ ಫುಲ್ ಶರ್ಟ್ ಹುಡ್ಕಿ, ಒಂದು ಸೈಜ್ ದೊಡ್ಡದು, ಗಾಢ ಬಣ್ಣದ್ದು. ನಾನು 150ಕ್ಕೆ ತಗೊಂಡ ನೀಲಿ ಶರ್ಟು ಚೂಡಿದಾರ್ ಮೇಲೆ ಹಾಕ್ಕೊಂಡು ಎರಡು ವರ್ಷದಿಂದ ಗಾಡಿ ಓಡಿಸ್ತಿದೀನಿ, ಗುಂಡಿ ಮಾತ್ರ ಒಂದ್ಸಲ ಬದಲಾಯ್ಸಿದೆ. ತಗೊಳ್ಳೋ ಮುಂಚೆ ಬಟ್ಟೆನ ಬೆಳಕಿಗೆ ಹಿಡಿದು ನೋಡಿ, ನೇಯ್ಗೆ ಸಂದಿಯಲ್ಲಿ ಬೆಳಕು ಚುಕ್ಕಿ ಚುಕ್ಕಿ ಕಂಡ್ರೆ ಬಿಸಿಲೂ ಹಂಗೇ ಒಳಗೆ ಬರತ್ತೆ, ಬಿಟ್ಟಾಕಿ. ತೆಳು ಬಿಳಿ ಬಟ್ಟೆ ತಂಪು ಅನಿಸತ್ತೆ ಆದ್ರೆ ತಡೆಯೋದು ಕಡಿಮೆ, ಒದ್ದೆ ಆದ್ರಂತೂ ಇನ್ನೂ ಕಡಿಮೆ. ಅಂಗೈ ಹಿಂಭಾಗಕ್ಕೆ ಹೆಬ್ಬೆರಳು ತೂತು ಇರೋ ಸ್ಲೀವ್ಸ್ ಸಿಗತ್ತೆ, ಒಂದು ಜೊತೆಗೆ 80 ರೂಪಾಯಿ ಹೇಳ್ತಾರೆ, ಎರಡು ಜೊತೆ ತಗೊಂಡ್ರೆ ಬಿಡ್ತಾರೆ, ಒಂದು ಒಗೆಯಕ್ಕೆ ಹಾಕಿದಾಗ ಇನ್ನೊಂದು ಬೇಕಲ್ಲ.

ಕೊಡೆ ತಗೊಳ್ಳೋದಾದ್ರೆ ಒಳಗಡೆ ಬೆಳ್ಳಿ ಅಥವಾ ಕಪ್ಪು ಕೋಟಿಂಗ್ ಇರೋದು, ಮೂರು ಮಡಿಕೆದು, ಬ್ಯಾಗಲ್ಲಿ ಕೂರತ್ತೆ, ಸಂಘದ ಮೀಟಿಂಗಿಗೆ ಗಾಡಿ ನಿಲ್ಸಿ ಒಳಗೆ ನಡೆಯೋ ದಾರಿಗೆ. ಬಿಡಿಸಿ ಕಡ್ಡಿ ಎಣಿಸಿ ನೋಡಿ, ಎಂಟು ಕಡ್ಡಿ ಇದ್ರೆ ನಮ್ಮ ಸಮುದ್ರ ಗಾಳಿಗೆ ತಡೆಯತ್ತೆ, ಆರು ಇದ್ರೆ ಉಲ್ಟಾ ಆಗತ್ತೆ.

ಒಂದೇ ಒಂದು ರಸ್ತೆ ಬದಿ ತಗೋಬೇಡಿ, ಅದು ಕೂಲಿಂಗ್ ಗ್ಲಾಸ್. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ದೊಡ್ಡದಾಗತ್ತೆ, ಗಾಜು ಯುವಿ ತಡೆಯದೇ ಇದ್ರೆ ಬರಿಗಣ್ಣಿಗಿಂತ ಜಾಸ್ತಿ ಒಳಗೆ ಹೋಗತ್ತೆ. ಕನ್ನಡಕದ ಅಂಗಡಿಯಲ್ಲಿ ಯುವಿ 400 ಬರ್ದಿರೋದು ತಗೊಳ್ಳಿ, ಕೆಲವು ಅಂಗಡಿಯಲ್ಲಿ ಚೆಕ್ ಮಾಡೋ ಚಿಕ್ಕ ಮಷಿನ್ ಇರತ್ತೆ, ಕೇಳಿದ್ರೆ ತೋರಿಸ್ತಾರೆ.

ಮತ್ತೆ ಅಂಕೋಲಾಕ್ಕೆ ಮೇ ತಿಂಗಳಲ್ಲಿ ಬಂದ್ರೆ ಕರಿ ಇಷಾಡ ಮಾವಿನಹಣ್ಣು ತಗೊಳ್ದೆ ಹೋಗ್ಬೇಡಿ, 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ ನಮ್ಮ ಹಣ್ಣಿಗೆ. ಬಿಸಿಲಿಗೂ ಅದಕ್ಕೂ ಸಂಬಂಧ ಇಲ್ಲ, ಆದ್ರೆ ಬುಟ್ಟಿ ಮುಂದೆ ನಿಂತು ಆ ವಾಸನೆ ತಗೊಂಡ್ರೆ ಗೊತ್ತಾಗತ್ತೆ ಯಾಕೆ ಹೇಳ್ದೆ ಅಂತ.

ಹಳೇ ಕಾಲದವ

ನಮ್ಮ ಅಜ್ಜಿ ತೊಂಬತ್ತು ವರ್ಷ ಬದುಕಿದ್ರು, ತೆಂಗಿನೆಣ್ಣೆ ಅರಿಶಿನ ಬಿಟ್ಟು ಬೇರೆ ಏನೂ ಹಚ್ಚಿಲ್ಲ. ಇಷ್ಟೆಲ್ಲ ದುಡ್ಡು ಯಾಕೆ ಸುರೀಬೇಕು ಅಂತ ನಂಗೆ ಅನಿಸತ್ತೆ, ತಪ್ಪು ತಿಳ್ಕೋಬೇಡಿ.

ಉಪ್ಪಿನ ಗದ್ದೆ ಮಗ, ಸಾಣಿಕಟ್ಟಾ

ನೀವು ಹೇಳಿದ್ದಕ್ಕೆ ನಂದೊಂದು ಮಾತು. ನಮ್ಮ ಅಮ್ಮ ಉಪ್ಪಿನ ಆಗರದಲ್ಲಿ ಕೆಲಸ ಮಾಡಿದೋರು. ಆಗರ ನೋಡಿದೋರಿಗೆ ಗೊತ್ತು, ಬೇಸಿಗೆಯಲ್ಲಿ ಮೇಲಿಂದ ಬಿಸಿಲು, ಕೆಳಗಿಂದ ಬಿಳಿ ಉಪ್ಪು ಮತ್ತೆ ನೀರಿಂದ ತಿರುಗಿ ಹೊಡೆಯೋ ಬೆಳಕು, ಗದ್ದ ಮತ್ತೆ ಮೂಗಿನ ಕೆಳಗೂ ಕಪ್ಪಾಗತ್ತೆ. ತೆಂಗಿನೆಣ್ಣೆ ಅಮ್ಮನೂ ಹಚ್ತಿದ್ಲು. ಚರ್ಮ ಒಡೆಯೋದು ಕಡಿಮೆ ಆಗ್ತಿತ್ತು ಅದು ಹೌದು, ಆದ್ರೆ ಎಣ್ಣೆ ಬಿಸಿಲು ತಡೆಯೋದು ತೀರಾ ಕಡಿಮೆ. ಅವಳ ಹಣೆ ಕೆನ್ನೆ ಮೇಲಿನ ಕಲೆ ನೋಡಿದ್ರೆ, ಸೆರಗು ಮುಚ್ಚಿರ್ತಿದ್ದ ಕಿವಿ ಹತ್ರದ ಚರ್ಮ ನೋಡಿದ್ರೆ, ಎರಡು ಬೇರೆ ಬೇರೆ ಮನುಷ್ಯರದ್ದು ಅನ್ನಂಗಿದೆ. ಹಿಂದಿನವರು ನಿಜವಾಗಿ ಮಾಡಿದ್ದು ಅದು, ಸೆರಗು ತಲೆ ಮೇಲೆ ಎಳ್ಕೊಂಡ್ರು, ಗದ್ದೆ ಕೆಲಸ ಬೆಳಿಗ್ಗೆ ಬೇಗ ಶುರು ಮಾಡಿ ನೆತ್ತಿ ಮೇಲೆ ಸೂರ್ಯ ಬರೋವಾಗ ನೆರಳಲ್ಲಿ ಕೂತ್ರು. ನಿಮ್ಮ ಅಜ್ಜಿನೂ ಹಂಗೇ ಮಾಡಿರ್ಬೇಕು ನೆನಪು ಮಾಡ್ಕೊಳ್ಳಿ. ಹತ್ತರಿಂದ ಐದು ಸ್ಕೂಟಿ ಓಡಿಸೋರಿಗೆ ಆ ಅವಕಾಶ ಇಲ್ವಲ್ಲ.

ಮೊಬೈಲ್ ಹವಾಮಾನ ಆಪಲ್ಲಿ ಯುವಿ ಇಂಡೆಕ್ಸ್ ಅಂತ ಇರತ್ತೆ, 3 ಮುಟ್ಟಿದ್ರೆ ಜಾಗ್ರತೆ ಬೇಕು ಅಂತ ಲೆಕ್ಕ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 11 ದಾಟತ್ತೆ. ಮೋಡ ಇದ್ರೂ ನೋಡಿ, ತೆಳು ಮೋಡ ಆದ್ರೆ ಬಿಸಿಲು ಕಾಣದೇ ಇದ್ರೂ ಕಿರಣ ಬರ್ತಿರತ್ತೆ.

ಹಳೇ ಕಾಲದವ

ಸೆರಗಿನ ಮಾತು ನಿಜ. ಅಜ್ಜಿ ಹನ್ನೊಂದಕ್ಕೆ ಗದ್ದೆಯಿಂದ ಬಂದು ಗಂಜಿ ಉಂಡು ಮಲಗ್ತಿದ್ರು, ಮತ್ತೆ ಹೋಗೋದು ನಾಲ್ಕಕ್ಕೇ. ನಾನು ಅದನ್ನ ಯೋಚ್ನೆ ಮಾಡಿರ್ಲಿಲ್ಲ.

ತೋಟದ ಮನೆ ಅಕ್ಕ, ಶಿರಸಿ

ತಂಗಿ, ಹಣೆ ಒರಟಾಗಿದೆ ಅಂದ್ಯಲ್ಲ, ಕೆನ್ನೆ ಎರಡೂ ಬದಿ ಒಂದೇ ಆಕಾರದ ಕಂದು ಕಲೆ ಬಂದಿದ್ಯಾ ಕನ್ನಡಿ ಮುಂದೆ ನೋಡ್ಕೋ. ಬಂದಿದ್ರೆ ಅದು ಬಂಗು, ಅದಕ್ಕೆ ದಾರಿ ಬೇರೆ. ನಂಗೆ ಎರಡನೇ ಬಾಣಂತನ ಆದ್ಮೇಲೆ ಶುರು ಆಯ್ತು. ಊರಲ್ಲಿ ಒಬ್ಬರು ಹೇಳಿದ್ರು ಅಂತ ಚೀಟಿ ಇಲ್ದೇ ಒಂದು ಕ್ರೀಮ್ ತಗೊಂಡು ಹಚ್ಚಿದೆ, ಹೆಸರು ಬೇಡ. ಹತ್ತು ದಿನದಲ್ಲಿ ಮುಖ ಪಳಪಳ, ಎಲ್ರೂ ಕೇಳೋರೇ ಎಂತ ಹಚ್ತೆ ಅಂತ. ನಾಲ್ಕು ತಿಂಗಳು ಹಚ್ಚಿ ನಿಲ್ಸಿದೆ, ನಿಲ್ಸಿದ್ ವಾರದೊಳಗೆ ಮುಖ ಕೆಂಪು, ಒಲೆ ಮುಂದೆ ನಿಂತ್ರೆ ಉರಿ, ಚರ್ಮ ಎಷ್ಟು ತೆಳು ಆಗಿತ್ತು ಅಂದ್ರೆ ಕೆನ್ನೆ ಮೇಲೆ ಕೆಂಪು ನರ ಕಾಣ್ತಿತ್ತು, ಬಂಗು ಮೊದಲಿಗಿಂತ ಜೋರು. ಆಮೇಲೆ ಚರ್ಮದ ಡಾಕ್ಟರ್ ಹತ್ರ ಹೋದಾಗ ಗೊತ್ತಾಯ್ತು ಅದ್ರಲ್ಲಿ ಸ್ಟಿರಾಯ್ಡ್ ಇತ್ತು. ಆ ಔಷಧ ತಪ್ಪು ಅಂತಲ್ಲ, ಡಾಕ್ಟರ್ ನೋಡಿ ಇಷ್ಟೇ ದಿನ ಅಂತ ಲೆಕ್ಕ ಹಾಕಿ ಕೊಡ್ಬೇಕಾದ್ದು, ಫೇಸ್ ಕ್ರೀಮಿನಂಗೆ ಹಚ್ಕೊಳ್ಳೋದಲ್ಲ. ನೀವ್ಯಾರೂ ಆ ತಪ್ಪು ಮಾಡ್ಬೇಡಿ, ಕೈ ಮುಗಿದು ಹೇಳ್ತಿದೀನಿ.

ಬಂಗಿಗೆ ಬಿಸಿಲಿನ ಕಣ್ಣಿಗೆ ಕಾಣೋ ಬೆಳಕೂ ಆಗಲ್ಲ, ಅದನ್ನ ಸಾದಾ ಸನ್‌ಸ್ಕ್ರೀನ್ ಅಷ್ಟು ತಡೆಯಲ್ಲ. ಅದಕ್ಕೆ ಟಿಂಟೆಡ್ ಅಂತ ಬರತ್ತೆ, ಐರನ್ ಆಕ್ಸೈಡ್ ಸೇರ್ಸಿರ್ತಾರೆ, ಕಾವಿಮಣ್ಣಿನ ಬಣ್ಣ. ನಿನ್ನ ಬೂದಿ ಸಮಸ್ಯೆಗೂ ಅದು ಒಳ್ಳೇ ಪರಿಹಾರ, ಝಿಂಕಿನ ಬಿಳಿ ಆ ಕಂದು ಬಣ್ಣದಲ್ಲಿ ಮುಚ್ಚಿ ಹೋಗತ್ತೆ. ತಗೊಳ್ಳೋವಾಗ ಅಂಗೈಗೆ ಹಚ್ಚಿ ನೋಡ್ಬೇಡ, ಅಂಗೈ ಬಣ್ಣ ಬೇರೆ, ಗದ್ದದ ಹತ್ರ ಒಂದು ಚುಕ್ಕಿ ಹಚ್ಚಿ ಅಂಗಡಿ ಹೊರಗೆ ಹಗಲು ಬೆಳಕಲ್ಲಿ ನೋಡು.

ನಮ್ಮದು ಅಡಿಕೆ ಕೊಯ್ಲಿನ ಟೈಮಲ್ಲಿ ಬೇಯ್ಸೋ ಹಂಡೆ ಮುಂದೆ ಕಾವು, ಅಂಗಳದಲ್ಲಿ ಅಡಿಕೆ ಹರಗೋವಾಗ ಬಿಸಿಲು, ಎರಡೂ ಸೇರಿ ಬಂಗು ಹೆಚ್ಚಾಗತ್ತೆ. ಈಗ ಹರಗೋ ಕೆಲ್ಸ ಬೆಳಿಗ್ಗೆ ಬೇಗ ಮುಗಿಸಿ ಬಿಡ್ತೀನಿ, ತಲೆಗೆ ಅಗಲ ಅಂಚಿನ ಹುಲ್ಲಿನ ಟೊಪ್ಪಿ. ಅದು ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿಬೈಲಿನ ಹತ್ರದ ಅಂಗಡಿ ಸಾಲಲ್ಲಿ ತಗೊಂಡಿದ್ದು, 120 ಹೇಳಿದ್ರು, ಮಗಳಿಗೆ ಬಳೆನೂ ಅಲ್ಲೇ ತಗೊಂಡೆ ಅಂತ ಎರಡೂ ಸೇರಿ 150 ಮಾಡಿ ಕೊಟ್ರು. ಜಾತ್ರೆ ಎರಡು ವರ್ಷಕ್ಕೊಂದು ಸಲ ಅಲ್ವಾ, ಹಂಗಾಗಿ ಆಯಿಗೂ ಒಂದು ತಂದಿಟ್ಟೆ. ಅಂಚು ಕೈಯಗಲ ಇರ್ಲಿ, ಕ್ಯಾಪ್ ಹಾಕಿದ್ರೆ ಕಿವಿ ಕುತ್ತಿಗೆ ಎರಡೂ ಬಯಲಿಗೇ.

ಬೋಟ್ ಹುಡುಗ, ಮುರ್ಡೇಶ್ವರ

ನಾನು ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಕರ್ಕೊಂಡು ಹೋಗೋ ಬೋಟಲ್ಲಿ ಕೆಲ್ಸ ಮಾಡೋದು. ಹೋಗೋಕೇ ಒಂದೂವರೆ ತಾಸು, ಬೋಟಿನ ಮೇಲೆ ಗಾಳಿ ಇರತ್ತೆ ಹಂಗಾಗಿ ಸೆಕೆ ಗೊತ್ತಾಗಲ್ಲ, ಸುಟ್ಟಿದ್ದು ಗೊತ್ತಾಗೋದು ರಾತ್ರಿ. ಸ್ಕೂಟಿಯಲ್ಲೂ ಅದೇ ಕಥೆ ಅಕ್ಕ, ಗಾಳಿಗೆ ಮೋಸ ಹೋಗ್ಬೇಡಿ. ಮೊದಲ ಸೀಸನ್ನಲ್ಲಿ ನನ್ನ ಮೂಗಿನ ಸಿಪ್ಪೆ ಮೂರು ಸಲ ಎದ್ದಿತ್ತು, ಕಿವಿ ತುದಿ ಗುಳ್ಳೆ ಬಂದಿತ್ತು.

ವಾಟರ್ ರೆಸಿಸ್ಟೆಂಟ್ ಅಂತ ಬರ್ದಿರೋದು ತಗೊಳ್ಳಿ, ಅದ್ರ ಪಕ್ಕ 40 ನಿಮಿಷ ಅಥವಾ 80 ನಿಮಿಷ ಅಂತ ಇರತ್ತೆ, ಅಷ್ಟು ಹೊತ್ತು ನೀರು ಬೆವರಿಗೆ ನಿಲ್ಲತ್ತೆ ಅಂತ ಅರ್ಥ, ದಿನವಿಡೀ ಅಲ್ಲ. ಹೊರಡೋ ಹದಿನೈದು ಇಪ್ಪತ್ತು ನಿಮಿಷ ಮುಂಚೆ ಹಚ್ಚಿ ಕೂರಕ್ಕೆ ಬಿಡಿ. ಬಿಸಿಲಲ್ಲೇ ಇದ್ರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಬೇಕು. ಟವೆಲಲ್ಲಿ ತಿಕ್ಕಬೇಡಿ, ಒತ್ತಿ ಬೆವರು ತೆಗೆದು ಮೇಲೆ ಹಚ್ಚಿ. ಎಲ್ರೂ ಮರೆಯೋ ಜಾಗ ಮೂರು, ಕಿವಿ, ತುಟಿ, ಮತ್ತೆ ಚಪ್ಪಲಿ ಹಾಕೋರಿಗೆ ಪಾದದ ಮೇಲ್ಭಾಗ.

ನೇತ್ರಾಣಿಗೆ ಬರೋರಿಗೆ ನಂದೊಂದು ವಿನಂತಿ. ಅಲ್ಲಿ ಹವಳ ಇದೆ. ಆಕ್ಸಿಬೆನ್‌ಝೋನ್, ಆಕ್ಟಿನಾಕ್ಸೇಟ್ ಇರೋ ಕ್ರೀಮ್ ಹವಳಕ್ಕೆ ಹಾನಿ ಅನ್ನೋ ಕಾಳಜಿಯಿಂದ ಹವಾಯಿಯಲ್ಲಿ 2021ರ ಜನವರಿಯಿಂದ ಡಾಕ್ಟರ್ ಚೀಟಿ ಇಲ್ದೇ ಅವನ್ನ ಮಾರಂಗಿಲ್ಲ. ನಾವು ಬೋಟ್ ಹತ್ತೋರಿಗೆ ಫುಲ್ ತೋಳಿನ ಟಿ ಶರ್ಟ್ ಹಾಕ್ಕೊಂಡು ಬನ್ನಿ, ಮುಖಕ್ಕೆ ಮಾತ್ರ ಝಿಂಕ್ ಇರೋದು ಹಚ್ಚಿ ಅಂತ ಹೇಳ್ತೀವಿ. ಮೀನು ನೋಡಕ್ಕೆ ಬಂದು ಮೀನಿನ ಮನೆ ಹಾಳು ಮಾಡ್ಬಾರ್ದಲ್ಲ.

ಸ್ಕೂಟಿ ಸವಾರಿ, ಕಾರವಾರ

ಇಷ್ಟು ಜನ ಇಷ್ಟು ಚೆನ್ನಾಗಿ ಹೇಳಿದ್ರಿ, ಕಣ್ಣು ತುಂಬಿ ಬಂತು. ಒಂದೇ ಒಂದು ಡೌಟು, ಹೆಲ್ಮೆಟ್ ಗ್ಲಾಸ್ ಇಳಿಸಿದ್ರೆ ಮುಖಕ್ಕೆ ಏನಾದ್ರೂ ಉಪಯೋಗ ಇದ್ಯಾ ಅಥವಾ ಕಿಟಕಿ ಗಾಜಿನಂಗೇನಾ?

ಮೆಡಿಕಲ್ ಶಾಪ್ ಅಣ್ಣ, ಕುಮಟಾ

ಒಳ್ಳೇ ಪ್ರಶ್ನೆ. ಅದು ಗಾಜಲ್ಲ, ಪಾಲಿಕಾರ್ಬೊನೇಟ್, ಪಾರದರ್ಶಕ ಇದ್ರೂ ಯುವಿ ಹೆಚ್ಚುಕಡಿಮೆ ಪೂರ್ತಿ ತಡೆಯತ್ತೆ, ಕಪ್ಪೇ ಆಗ್ಬೇಕಿಲ್ಲ. ಗೀರು ಬಿದ್ದು ಮಸುಕಾಗಿದ್ರೆ ಗ್ಲಾಸ್ ಮಾತ್ರ ಬದಲಾಯ್ಸು, ಹೆಲ್ಮೆಟ್ ಅಂಗಡಿಯಲ್ಲಿ ಬಿಡಿಯಾಗಿ ಸಿಗತ್ತೆ. ಇಳಿಸ್ಕೊಂಡೇ ಓಡಿಸು, ಧೂಳೂ ತಪ್ಪತ್ತೆ. ಆದ್ರೆ ಗಾಡಿ ಇಳಿದ್ಮೇಲೆ ಹೆಲ್ಮೆಟ್ ತೆಗೀತಿಯಲ್ಲ, ಹಂಗಾಗಿ ಕ್ರೀಮ್ ಬಿಡಂಗಿಲ್ಲ.

ಸ್ಕೂಟಿ ಸವಾರಿ, ಕಾರವಾರ

ಒಂದು ತಿಂಗಳಾಯ್ತು, ಏನಾಯ್ತು ಅಂತ ಹೇಳಕ್ಕೆ ಬಂದೆ. ಅಕ್ಕ ಹೇಳಿದಂಗೆ ಕನ್ನಡಿ ಮುಂದೆ ನೋಡ್ಕೊಂಡೆ, ಬಂಗು ಅಲ್ಲ, ಆದ್ರೂ ಒಂದ್ಸಲ ಚರ್ಮದ ಡಾಕ್ಟರಿಗೆ ತೋರಿಸ್ಕೊಂಡು ಬಂದೆ. 100 ಗ್ರಾಂ ಪ್ಯಾಕ್ 580ಕ್ಕೆ ಸಿಕ್ತು, ಪಿಎ ನಾಲ್ಕು ಪ್ಲಸ್, ವಾಟರ್ ರೆಸಿಸ್ಟೆಂಟ್. ಹುಬ್ಬಿನ ಮೇಲೆ ಸ್ಟಿಕ್, ಒಂದಿನವೂ ಕಣ್ಣು ಉರೀಲಿಲ್ಲ. ಗ್ಲಾಸ್ ಹೊಸದು ಹಾಕ್ಸಿದೆ. ಎರಡು ಬೆರಳು ಅಳತೆ ಮೊದಲ ದಿನ ನೋಡಿ ಇಷ್ಟೊಂದಾ ಅನಿಸ್ತು, ಅರ್ಧ ಅರ್ಧ ಮಾಡಿ ಎರಡು ಸಲ ಹಚ್ಚಿದ್ರೆ ಇಳಿಯತ್ತೆ. ಮಧ್ಯಾಹ್ನದ್ದು ಊಟದ ಡಬ್ಬಿ ಜೊತೆ ಬ್ಯಾಗಲ್ಲೇ ಇರತ್ತೆ, ಡಿಕ್ಕಿಗೆ ಹಾಕಲ್ಲ, ಊಟ ಮಾಡೋ ಮನೆಯಲ್ಲೇ ಹಚ್ಕೊಂಡು ಹೊರಡ್ತೀನಿ.

ಸಂತೇಲಿ 130ಕ್ಕೆ ಕಡು ಹಸಿರು ಶರ್ಟ್, ಬೆಳಕಿಗೆ ಹಿಡಿದು ನೋಡೇ ತಗೊಂಡೆ, ಅಂಗಡಿಯವರು ಎಂತ ಹುಡುಕ್ತೀರಿ ಅಂತ ಕೇಳಿದ್ರು, ಹೇಳ್ದೆ, ಅವರೇ ರಾಶಿಯಿಂದ ಇನ್ನೊಂದು ದಪ್ಪದ್ದು ತೆಗೆದು ಕೊಟ್ರು. ಎಂಟು ಕಡ್ಡಿ ಕೊಡೆನೂ ಸಿಕ್ತು. ಸಂಜೆ ಕೆನ್ನೆ ಉರಿಯೋದು ನಿಂತಿದೆ. ವಾಚಿನ ಗೆರೆ ಇನ್ನೂ ಇದೆ, ಡಾಕ್ಟರ್ ಅದಕ್ಕೆ ತಿಂಗಳುಗಟ್ಟಲೆ ಬೇಕು ಅಂದ್ರು. ಟ್ಯೂಬಿನ ಹಿಂದೆ ಶುರು ಮಾಡಿದ ತಾರೀಖು ಪೆನ್ನಲ್ಲಿ ಬರ್ದಿಟ್ಟಿದೀನಿ ಅಣ್ಣ, ಇವತ್ತಿಗೆ 25 ಕೆಲಸದ ದಿನ, ಅರ್ಧಕ್ಕಿಂತ ಜಾಸ್ತಿ ಖಾಲಿ ಆಗಿದೆ. ಮುಂದಿನ ಭಾನುವಾರ ಅಮ್ಮನ್ನೂ ಸಂತೆಗೆ ಕರ್ಕೊಂಡು ಹೋಗ್ತಿದೀನಿ, ಅವಳಿಗೂ ಒಂದು ಶರ್ಟ್ ಬೇಕಂತೆ, ಮೀನು ಒಣಗಿಸೋವಾಗ ಹಾಕ್ಕೊಳಕ್ಕೆ.